ತಿಗರಿಯ ಮೇಲೆ ಮುಗಿಯದ ಮಡಕೆ

ಮೈಸೂರು ಸೀಮೆಯ ಹಳೆಯ ನೀರಿನ ಮಡಕೆಯೊಳಗೆ ಕೈಹಾಕಿ ಸವರಿ ನೋಡಿ. ಕತ್ತಿನ ಒಳಗೆ ಬೆರಳಿನ ಗೆರೆಗಳು ಸುತ್ತುಸುತ್ತಾಗಿ ಸಿಗುತ್ತವೆ. ಹೊಟ್ಟೆಗಿಳಿದರೆ ಗೆರೆ ಮಾಯ, ಅಲ್ಲಿರುವುದು ಸಣ್ಣ ಸಣ್ಣ ತಗ್ಗು. ತಿಗರಿಯ, ಎಂದರೆ ಕುಂಬಾರನ ಚಕ್ರದ, ಮೇಲೆ ಆಗುವುದು ಬಾಯಿ, ಕತ್ತು, ದಪ್ಪ ಗೋಡೆ, ಅಷ್ಟೇ. ಮಣ್ಣು ಅರೆಒಣಗಿದಾಗ ಒಳಗೆ ದುಂಡುಕಲ್ಲು ಒತ್ತಿಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಹಿಗ್ಗಿಸಿ ತಳ ಕೂಡಿಸುತ್ತಾರೆ. ಹಸಿ ಹೆಚ್ಚಿದ್ದರೆ ಹಲಗೆಗೆ ಅಂಟುತ್ತದೆ, ಒಣಗಿದ್ದು ಹೆಚ್ಚಾದರೆ ಸೀಳುತ್ತದೆ.

ಈ ಕೈಕೆಲಸ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳನ್ನು ದಾಖಲಿಸಿದಾಗ ಕುಂಬಾರರೂ ಅದರಲ್ಲಿ ಬಂದರು. ಆದರೆ ಆ ಕೆಲಸದ ಗುರಿ ಕುಲ, ಆಚಾರವೇ ಹೊರತು ಮಣ್ಣಲ್ಲ. ಮಡಕೆಯೇ ಸಾಕ್ಷಿಯಾದದ್ದು ಅಗೆತದಲ್ಲಿ. ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರದಲ್ಲಿ 1959ರಿಂದ 1965ರ ನಡುವೆ ಪುರಾತತ್ವಜ್ಞ ಎಂ. ಶೇಷಾದ್ರಿಯವರ ಮುಂದಾಳತ್ವದಲ್ಲಿ ಅಗೆದಾಗ ನವಶಿಲಾಯುಗದ ಬೂದುಬಣ್ಣದ ಮಡಕೆಗಳ ಜೊತೆ ಸುಟ್ಟ ಮಣ್ಣಿನ ತಲೆದಿಂಬೂ ಸಿಕ್ಕಿತು. ಮಾನವಶಾಸ್ತ್ರಜ್ಞರಾದ ಬೈದ್ಯನಾಥ ಸರಸ್ವತಿ, ಎನ್.ಕೆ. ಬೆಹುರಾ ದೇಶದ ಕುಂಬಾರರ ತಂತ್ರಗಳನ್ನೇ ಹೋಲಿಸಿ ಬರೆದದ್ದು 1966ರಲ್ಲಿ. ಇದು ಇನ್ನೂ ಮೊದಲೇ ಆಗಬೇಕಿತ್ತು. ಜನಪದರ ವಸ್ತುಗಳನ್ನು ಕೂಡಿಡಲು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದೂ 1968ರಲ್ಲಿ.

ಜೀವಂತ ಕಸುಬು ಗೊತ್ತಿದ್ದರೆ ಹಳೆಯ ಬೋಕಿಯೂ, ಎಂದರೆ ಮಡಕೆಯ ಚೂರೂ, ಅರ್ಥವಾಗುತ್ತದೆ. ದೊಡ್ಡ ಕಲ್ಲುಗಳ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾಯುಗದ ಮಡಕೆಗಳಲ್ಲಿ ಒಳಮೈ, ಬಾಯಂಚು ಕಪ್ಪು, ಹೊರಮೈ ಕೆಂಪು. ಅದು ಬಳಿದ ಬಣ್ಣವಲ್ಲ. ಮಡಕೆಯನ್ನು ಹೊಟ್ಟು, ಎಲೆಗಳ ಮೇಲೆ ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಹೊಗೆಯ ಇಂಗಾಲ ಮಣ್ಣಿಗಿಳಿಯುತ್ತದೆ. ಗಾಳಿ ತಾಗುವ ಹೊರಮೈಯಲ್ಲಿ ಮಣ್ಣಿನ ಕಬ್ಬಿಣದಂಶ ಕೆಂಪಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪಿರುವ ವಿವರಣೆ.

ಕಸುಬಿನ ಸೋಲುಗಳನ್ನೂ ಅಷ್ಟೇ ಜತನದಿಂದ ಬರೆದಿಡಬೇಕು. ಪೂರ್ತಿ ಒಣಗದ ಮಡಕೆ, ಮಡಕೆ ಸುಡುವ ಆವಿಗೆಯಲ್ಲೇ ಸಿಡಿಯುತ್ತದೆ, ಒಳಗಿನ ನೀರು ಹಬೆಯಾಗಿ ಹೊರಡಲು ದಾರಿ ಸಿಗದೆ. ಸುಣ್ಣಕಲ್ಲಿನ ಕೇಡು ಇನ್ನೂ ಕೆಟ್ಟದು. ಕೆರೆಮಣ್ಣನ್ನು ಸರಿಯಾಗಿ ಜರಡಿ ಹಿಡಿಯದೆ ಜೋಳದ ಕಾಳಿನಷ್ಟು ಕಲ್ಲು ಉಳಿದರೂ ಸುಡುವಾಗ ಅದು ಸುಟ್ಟ ಸುಣ್ಣವಾಗುತ್ತದೆ. ಮಡಕೆ ಕೆಂಪಗೆ, ಗಣಗಣ ಸದ್ದು ಮಾಡುತ್ತಾ ಹೊರಬರುತ್ತದೆ. ಕೆಲವು ದಿನಕ್ಕೆ ತೇವ ಹೀರಿ ಸುಣ್ಣ ಅರಳಿ, ಮೇಲಿನ ಮಣ್ಣು ಚಕ್ಕೆಯಾಗಿ ಎದ್ದುಹೋಗುತ್ತದೆ. ಕುಳಿಯ ನಡುವೆ ಒಂದು ಬಿಳಿ ಚುಕ್ಕೆ ಕಾಣುತ್ತದೆ.