ಆರ್ನೋಸ್ ವೇಲ್: ಮೇಲೆ ಚಾಪೆಲ್, ಕೆಳಗೆ ಚಿತಾಗಾರ

ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋದ ಭಾರತೀಯರು ಆರ್ನೋಸ್ ವೇಲ್ ಸ್ಮಶಾನಕ್ಕೆ ಹೋಗೋದು ರಾಜಾ ರಾಮಮೋಹನ ರಾಯರ ಸಮಾಧಿ ನೋಡೋಕೆ. ಅಲ್ಲೇ ಇರುವ ಎರಡು ಚಾಪೆಲ್‌ಗಳ, ಅಂದರೆ ಚಿಕ್ಕ ಪ್ರಾರ್ಥನಾ ಮಂದಿರಗಳ, ಕಡೆ ಜಾಸ್ತಿ ಜನ ಗಮನ ಕೊಡುವುದಿಲ್ಲ. ಪ್ರಾರ್ಥನೆಗೆ ಕಟ್ಟಿದ ಜಾಗ ಚಿತಾಗಾರವಾಗಿ, ಆಮೇಲೆ ಹಾಳುಬಿದ್ದು, ಈಗ ಅಲ್ಲಿ ಮದುವೆಗಳು ನಡೆಯುತ್ತಿವೆ. ಇದು ಹೇಗಾಯಿತು ಅನ್ನೋದು ಸ್ವಲ್ಪ ಗೋಜಲಿನ ಕಥೆ.

1830ರ ದಶಕದಲ್ಲಿ ಊರೊಳಗಿನ ಚರ್ಚ್ ಅಂಗಳಗಳಲ್ಲಿ ಹೂಳಲು ಜಾಗ ಉಳಿದಿರಲಿಲ್ಲ. 1832ರ ಕಾಲರಾ ಪರಿಸ್ಥಿತಿಯನ್ನು ಇನ್ನೂ ಕೆಡಿಸಿತು. 1837ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಮೂಲಕ ಒಂದು ಖಾಸಗಿ ಕಂಪನಿ ಹುಟ್ಟಿತು, 1839ರಲ್ಲಿ ಸ್ಮಶಾನ ತೆರೆಯಿತು. ಪ್ಯಾರಿಸ್ಸಿನ ಪೆರ್ ಲಾಷೇಸ್ ಸ್ಮಶಾನದ ಮಾದರಿಯ ತೋಟದ ಸ್ಮಶಾನ, ಈಗ ಒಟ್ಟು 45 ಎಕರೆ.

ಕಟ್ಟಡಗಳ ವಿನ್ಯಾಸ ಚಾರ್ಲ್ಸ್ ಅಂಡರ್‌ವುಡ್ ಅವರದು. ವಿಕ್ಟೋರಿಯನ್ ಸ್ಮಶಾನ ಅಂದರೆ ಚೂಪು ಕಮಾನಿನ ಗಾಥಿಕ್ ಚಾಪೆಲ್ ನೆನಪಾಗುತ್ತೆ, ಅಲ್ವಾ? ಇಲ್ಲಿ ಅದಿಲ್ಲ. ಗಾಥಿಕ್ ಶೈಲಿ ಎಲ್ಲ ಕಡೆ ಆವರಿಸಿಕೊಳ್ಳುವ ಮೊದಲೇ ಇವನ್ನು ಕಟ್ಟಿದ್ದು. ಆಂಗ್ಲಿಕನ್ನರ, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನವರ, ಚಾಪೆಲ್ ಇಟಾಲಿಯನ್ ಶೈಲಿಯದು, ಅದಕ್ಕೊಂದು ಗಂಟೆ ಗೋಪುರ. ಆ ಚರ್ಚಿಗೆ ಸೇರದ ಪ್ರೊಟೆಸ್ಟೆಂಟರಿಗೆ ಬೇರೆ ಚಾಪೆಲ್. ಅದು ಗ್ರೀಕ್ ದೇವಾಲಯದ ಹಾಗಿದೆ, ಕಂಬಗಳ ತಲೆಯಲ್ಲಿ ಅಯಾನಿಕ್ ಅನ್ನೋ ಗ್ರೀಕ್ ಶೈಲಿಯ ಸುರುಳಿಗಳು. ನನ್ನ ಕಣ್ಣಿಗೆ ಇದೇ ಹೆಚ್ಚು ಚೆಂದ.

ರಾಯರು 1833ರಲ್ಲಿ ಹತ್ತಿರದ ಸ್ಟೇಪಲ್‌ಟನ್‌ನಲ್ಲಿ ತೀರಿಕೊಂಡರು. ಮೊದಲು ಅಲ್ಲೇ ಹೂಳಿದ್ದರು. 1843ರಲ್ಲಿ ದ್ವಾರಕಾನಾಥ ಟಾಗೋರರು ಅವರ ದೇಹವನ್ನು ಆರ್ನೋಸ್ ವೇಲ್‌ಗೆ ತರಿಸಿ, ವಿಲಿಯಂ ಪ್ರಿನ್ಸೆಪ್ ವಿನ್ಯಾಸದ ಛತ್ರಿ, ಅಂದರೆ ಕಂಬಗಳ ಮೇಲೆ ನಿಂತ ಮಂಟಪ, ಕಟ್ಟಿಸಿದರು. ದಹನ ಮಾಡಬೇಕೆಂದರೂ ಆಗ ಬ್ರಿಟನ್ನಿನಲ್ಲಿ ಒಂದೂ ಚಿತಾಗಾರ ಇರಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. 1874ರಲ್ಲಿ ದಹನದ ಪರವಾಗಿ ಸಂಘ ಶುರುವಾಯಿತು. 1879ರಲ್ಲಿ ಲಂಡನ್ ಹತ್ತಿರದ ವೋಕಿಂಗ್‌ನಲ್ಲಿ ಶವ ಸುಡುವ ಕುಲುಮೆ ಕಟ್ಟಿದರು, ಸರ್ಕಾರ ತಡೆಯಿತು. 1884ರಲ್ಲಿ ವೇಲ್ಸ್‌ನ ವಿಲಿಯಂ ಪ್ರೈಸ್ ತನ್ನ ಮಗುವಿನ ಶವವನ್ನು ಸುಡಲು ಹೋಗಿ ಬಂಧನಕ್ಕೊಳಗಾದರು, ಸುತ್ತಲಿನವರಿಗೆ ತೊಂದರೆಯಾಗದಂತೆ ಸುಟ್ಟರೆ ಅಪರಾಧವಲ್ಲ ಅಂತ ಕೋರ್ಟ್ ಹೇಳಿತು. 1885ರಲ್ಲಿ ವೋಕಿಂಗ್‌ನಲ್ಲಿ ಮೊದಲ ದಹನ, 1902ರಲ್ಲಿ ದಹನದ ಕಾಯ್ದೆ.

ಆಗ ವಾಸ್ತುಶಿಲ್ಪಿಗಳಿಗೆ ಒಂದು ತಲೆನೋವು: ಚಿಮಣಿ. ದುಃಖದಲ್ಲಿ ಬಂದವರಿಗೆ ಫ್ಯಾಕ್ಟರಿ ಚಿಮಣಿ ಕಾಣಬಾರದು. ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಅದನ್ನು ಕೆಂಪು ಇಟ್ಟಿಗೆಯ ಗೋಪುರದೊಳಗೆ ಅಡಗಿಸಿದರು. ಆರ್ನೋಸ್ ವೇಲ್‌ನಲ್ಲಿ ಹೊಸ ಕಟ್ಟಡದ ಗೊಡವೆಗೆ ಹೋಗಲಿಲ್ಲ. 1928ರಲ್ಲಿ ಆ ಗ್ರೀಕ್ ಚಾಪೆಲ್ಲಿಗೇ ಚಿತಾಗಾರ ಸೇರಿಸಿದರು, ಕುಲುಮೆ ಇಟ್ಟಿದ್ದು ನೆಲಮಾಳಿಗೆಯಲ್ಲಿ. ಮೇಲೆ ಪ್ರಾರ್ಥನೆ, ಕೆಳಗೆ ಬೆಂಕಿ.

ಇದಕ್ಕೆ ಹಣದ ಕಾರಣವೂ ಇದೆ ಅಂತ ನನಗನಿಸುತ್ತೆ. ಸಮಾಧಿ ಜಾಗವನ್ನು ಒಂದೇ ಸಲ ಮಾರಬಹುದು, ನೋಡಿಕೊಳ್ಳುವ ಖರ್ಚು ಮಾತ್ರ ನಿಲ್ಲುವುದೇ ಇಲ್ಲ. ಜಾಗ ತುಂಬಿದ ಹಾಗೆ ಕಂಪನಿಯ ಆದಾಯ ಇಳಿಯಿತು. ಗಿಡಗಂಟಿ ಬೆಳೆದು ಕಲ್ಲುಗಳನ್ನು ಮುಚ್ಚಿತು. 1980ರ ದಶಕದಲ್ಲಿ ಇಲ್ಲಿ ಮನೆ ಕಟ್ಟುವ ಮಾತು ಬಂದಾಗ ಊರಿನವರು ಸಿಡಿದೆದ್ದರು. ಹೊಗೆಯ ನಿಯಮಗಳು ಬಿಗಿಯಾದವು, 1998ರಲ್ಲಿ ಚಿತಾಗಾರ ನಿಂತಿತು. ಹೂತವರ ಮನೆಯವರು ಬರುವ ಜಾಗವನ್ನು ಬರೀ ಸೈಟಿನ ಬೆಲೆಯಲ್ಲಿ ಅಳೆಯಲು ಬಿಟ್ಟದ್ದೇ ತಪ್ಪಾಯಿತು. ಆ ದಿನಗಳಲ್ಲಿ ಗೇಟು ತೆರೆದಿಟ್ಟವರು ಸ್ಥಳೀಯ ಸ್ವಯಂಸೇವಕರು.

2003ರಲ್ಲಿ ಬ್ರಿಸ್ಟಲ್ ನಗರಸಭೆ ಇಡೀ ಜಾಗವನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಂಡಿತು. ಪರಂಪರೆ ಉಳಿಸಲು ಬ್ರಿಟನ್ನಿನ ರಾಷ್ಟ್ರೀಯ ಲಾಟರಿ ಹಣದಿಂದ ನಡೆಯುವ ನಿಧಿಯಿಂದ ಸುಮಾರು 48 ಲಕ್ಷ ಪೌಂಡ್ ಬಂತು. ಈಗ ನಡೆಸುತ್ತಿರುವುದು ಒಂದು ಟ್ರಸ್ಟ್. ಅಲ್ಲಿ ಕೆಫೆ ಇದೆ, ಮದುವೆಗಳಾಗುತ್ತವೆ, ಶವಸಂಸ್ಕಾರಗಳೂ ನಡೆಯುತ್ತವೆ. ಸ್ಮಶಾನದಲ್ಲಿ ಮದುವೆಯೇ ಅಂತ ಕೇಳುವವರಿದ್ದಾರೆ. ಸೂರಿನ ರಿಪೇರಿಗೆ ದುಡ್ಡು ಎಲ್ಲಿಂದಾದರೂ ಬರಲೇಬೇಕಲ್ಲ, ನನಗೇನೂ ಆಕ್ಷೇಪವಿಲ್ಲ. ದುರಸ್ತಿ ಮಾಡಿದವರು ನೆಲಮಾಳಿಗೆಯ ಹಳೆಯ ಕುಲುಮೆಯನ್ನು ಕಿತ್ತುಹಾಕದೆ ಜನರಿಗೆ ನೋಡಲು ಉಳಿಸಿದ್ದು ಬಹಳ ಒಳ್ಳೆಯದಾಯಿತು.