ಫಾದರನ್ನು ಯಾವಾಗ ಕರೆಸಬೇಕು?

ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆಯಲ್ಲಿರುವ ಕಥೋಲಿಕ ಗುರು, ಅಂದರೆ ಫಾದರ್, ನಾನು. ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಇಂಥವೇ: "ಫಾದರ್, ವೆಂಟಿಲೇಟರ್ ಹಾಕಿದ್ದಾರೆ, ಬೇಗ ಬನ್ನಿ." ಹೋಗುತ್ತೇನೆ, ಅಭ್ಯಂಗ ಕೊಡುತ್ತೇನೆ. ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಅದು. ಆದರೆ ಮಾತಾಡುವ ಶಕ್ತಿ ಇದ್ದಾಗಲೇ ಕರೆಸಿದ್ದರೆ ಆ ರೋಗಿಗೆ ಎಷ್ಟೊಂದು ಸಮಾಧಾನ ಸಿಗುತ್ತಿತ್ತು!

ಮನೆಯವರಿಗೆ ಭಯ. ಫಾದರ್ ಎಣ್ಣೆ ಹಿಡಿದು ಬಂದರೆ ಅಪ್ಪ ಎದೆಗುಂದುತ್ತಾರೆ ಅಂತ. ಸಾಯುವ ಹೊತ್ತಿಗೆ ಮಾತ್ರ ಅಭ್ಯಂಗ ಕೊಡುತ್ತಿದ್ದ ಹಳೆಯ ಪದ್ಧತಿ ನೋಡಿ ಬೆಳೆದವರಿಗೆ ಹಾಗನಿಸುವುದು ಸಹಜ. ಆದರೆ ಇದು ಸಾವಿನಂಚಿನಲ್ಲಿ ಇರುವವರಿಗೆ ಮಾತ್ರವಲ್ಲ ಎಂದು ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. 1972ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನೂ ಬದಲಿಸಿದರು. ಕಣ್ಣು, ಕಿವಿ, ಮೂಗು, ತುಟಿಗೆಲ್ಲ ಹಚ್ಚುತ್ತಿದ್ದ ತೈಲವನ್ನು ಈಗ ಹಣೆಗೆ, ಕೈಗಳಿಗೆ ಹಚ್ಚುತ್ತೇವೆ.

ಬೈಬಲಿನಲ್ಲಿ ಸಂತ ಯಕೋಬರ ಪತ್ರದ ಐದನೇ ಅಧ್ಯಾಯ ಓದಿ ನೋಡಿ. ಅಲ್ಲಿ ಸಭೆಯ ಹಿರಿಯರನ್ನು ಕರೆಸುವವನು ರೋಗಿಯೇ. ಅಂದರೆ ಅವನಿಗೆ ಎಚ್ಚರವಿದೆ, ಅಲ್ವಾ? ಎಚ್ಚರವಿದ್ದರೆ ಪಾಪನಿವೇದನೆ ಮಾಡಬಹುದು, ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಕೊಡುವ ರೊಟ್ಟಿ, ಸ್ವೀಕರಿಸಬಹುದು. ಗುರು ತಲೆಯ ಮೇಲೆ ಕೈಯಿಟ್ಟು ಮೌನವಾಗಿ ಪ್ರಾರ್ಥಿಸುವಾಗ ತಾನೂ ಪ್ರಾರ್ಥಿಸಬಹುದು. ತನ್ನ ಬಾಯಲ್ಲೇ 'ಆಮೆನ್' ಅನ್ನಬಹುದು. ವಾರಗಟ್ಟಲೆ ಬಿಗಿಹಿಡಿದಿದ್ದ ಅಳು ಆಗ ಹೊರಬರುವುದನ್ನು ಕಂಡಿದ್ದೇನೆ. ಮನೆಯವರೂ ಅಳುತ್ತಾರೆ. ಆಮೇಲೆ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಇದನ್ನು ಯಾರಿಗೂ ತಪ್ಪಿಸಬಾರದು.

ಕ್ಯಾನ್ಸರಿನಂಥ ಗಂಭೀರ ಕಾಯಿಲೆ ಗೊತ್ತಾದಾಗಲೇ ಹೇಳಿ. ಅಂಥ ಕಾಯಿಲೆಗೆ ಆಪರೇಷನ್ ಇದ್ದರೆ ಅದಕ್ಕೆ ಮುಂಚೆ ಹೇಳಿ. ವಯಸ್ಸಾಗಿ ತೀರಾ ನಿತ್ರಾಣರಾದವರಿಗೆ ಬೇರೆ ಕಾಯಿಲೆ ಇರಲೇಬೇಕೆಂದಿಲ್ಲ. ನೆಗಡಿ, ಸಣ್ಣ ಜ್ವರಕ್ಕೆ ಇದು ಬೇಡ. ಒಮ್ಮೆ ಪಡೆದರೆ ಮುಗಿಯಿತು ಅನ್ನುವುದು ತಪ್ಪು. ಗುಣವಾಗಿ ಮತ್ತೆ ಹಾಸಿಗೆ ಹಿಡಿದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೆ ಪಡೆಯಬಹುದು. ಸಾಯುವ ಹೊತ್ತಿಗೆಂದೇ ಇರುವ ಸಂಸ್ಕಾರ ಅಭ್ಯಂಗವಲ್ಲ, ಆಗ ಕೊನೆಯದಾಗಿ ಕೊಡುವ ಪರಮಪ್ರಸಾದ. ಕೊನೆಯ ಪಯಣದ ಬುತ್ತಿ ಅದು.

ಪ್ರಜ್ಞೆ ತಪ್ಪಿದ್ದರೂ ಹಿಂಜರಿಯಬೇಡಿ. ಎಚ್ಚರವಿದ್ದಿದ್ದರೆ ಕೇಳುತ್ತಿದ್ದರು ಅನಿಸಿದರೆ ಸಾಕು, ಅಭ್ಯಂಗ ಕೊಡುತ್ತೇವೆ. ತೀರಿಕೊಂಡವರಿಗೆ ಮಾತ್ರ ಕೊಡುವುದಿಲ್ಲ. ಅವರಿಗಾಗಿ ಪ್ರಾರ್ಥಿಸುತ್ತೇವೆ. ಜೀವ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೊಡುತ್ತೇವೆ.

ಸಿಸ್ಟರುಗಳು, ಅಂದರೆ ಕನ್ಯಾಸ್ತ್ರೀಯರು, ಪರಮಪ್ರಸಾದ ತಂದುಕೊಡಬಹುದು, ಅಭ್ಯಂಗ ಮಾತ್ರ ಗುರುಗಳೇ ಕೊಡಬೇಕು. ಹಾಗಾಗಿ ಆಸ್ಪತ್ರೆಗೆ ಸೇರಿಸಿದ ದಿನವೇ ನಿಮ್ಮ ಧರ್ಮಕೇಂದ್ರಕ್ಕೆ, ಅಂದರೆ ನಿಮ್ಮ ಊರಿನ ಚರ್ಚಿಗೆ, ಒಂದು ಫೋನ್ ಮಾಡಿ. ಮನೆಯಲ್ಲಾದರೆ ಚಿಕ್ಕ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ ಇಡಿ. ಐಸಿಯುನಲ್ಲಿ ಏನೂ ಬೇಡ. ಆಕ್ಸಿಜನ್ ಇರುವ ಕಡೆ ಬತ್ತಿ ಹಚ್ಚಲೇಬೇಡಿ.