ಒಂದು ಗೋಡೆಯೋ, ನೂರು ಗೋಡೆಯೋ: ಫೈಬರ್ ಮತ್ತು ಫೋಟಾನಿಕ್ ಸ್ಫಟಿಕದೊಳಗೆ ಬೆಳಕಿನ ಓಟ

ಆಪ್ಟಿಕಲ್ ಫೈಬರ್ ಅಂದ ಕೂಡಲೇ ಪಿಯುಸಿ ಪುಸ್ತಕದ ಚಿತ್ರ ನೆನಪಾಗುತ್ತದೆ. ಗಾಜಿನ ಎಳೆಯೊಳಗೆ ಬೆಳಕಿನ ಕಿರಣ ಗೋಡೆಯಿಂದ ಗೋಡೆಗೆ ಬಡಿಯುತ್ತ ಅಂಕುಡೊಂಕಾಗಿ ಸಾಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಮುಂದೆ ಎಂಎಸ್ಸಿಯಲ್ಲಿ ಫೋಟಾನಿಕ್ ಸ್ಫಟಿಕ (ಎರಡು ವಸ್ತುಗಳು ಬೆಳಕಿನ ಅಲೆಯಷ್ಟು ಸಣ್ಣ ಅಂತರದಲ್ಲಿ ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಬರುವ ರಚನೆ) ಶುರುವಾದಾಗ ಆ ಚಿತ್ರ ಕೈಕೊಡುತ್ತದೆ. ಅಲ್ಲಿ ಬೆಳಕು ಗಾಜನ್ನು ಬಿಟ್ಟು ಗಾಳಿ ತುಂಬಿದ ತೂತಿನೊಳಗೆ ಓಡುತ್ತದೆ. ಸುತ್ತ ಗಾಜಿದ್ದರೂ ಹೊರಗೆ ಸೋರುವುದಿಲ್ಲ. ಬೆಳಕು ನಿಧಾನವಾಗಿ ಸಾಗುವ ವಸ್ತುವಿನಿಂದ ವೇಗವಾಗಿ ಸಾಗುವ ವಸ್ತುವಿನ ಗಡಿಗೆ ಓರೆಯಾಗಿ ಬಡಿದಾಗ ಮಾತ್ರ ಪೂರ್ತಿ ವಾಪಸ್ ಬರುತ್ತದೆ ಅನ್ನುವುದು ಪುಸ್ತಕದ ನಿಯಮ. ಅದರ ಪ್ರಕಾರ ಇದು ಆಗಲೇಬಾರದು, ಅಲ್ವಾ?

ಮೊದಲು ಮಾಮೂಲಿ ಫೈಬರನ್ನೇ ನೋಡೋಣ. ನಡುವೆ ಕೋರ್, ಸುತ್ತ ಕ್ಲ್ಯಾಡಿಂಗ್. ಎರಡೂ ಸಿಲಿಕಾ ಗಾಜೇ. ಕೋರಿಗೆ ಸ್ವಲ್ಪ ಜರ್ಮೇನಿಯಂ ಆಕ್ಸೈಡ್ ಬೆರೆಸಿ ವಕ್ರೀಭವನ ಸೂಚ್ಯಂಕವನ್ನು (ಬೆಳಕು ಅದರೊಳಗೆ ಎಷ್ಟು ನಿಧಾನವಾಗುತ್ತದೆ ಎಂದು ಹೇಳುವ ಸಂಖ್ಯೆ) ಒಂದು ಚೂರು ಏರಿಸುತ್ತಾರೆ. ಲೆಕ್ಕಕ್ಕೆ ಕೋರ್ 1.450, ಕ್ಲ್ಯಾಡಿಂಗ್ 1.445 ಎಂದು ಇಟ್ಟುಕೊಳ್ಳಿ. ಕ್ರಿಟಿಕಲ್ ಕೋನ (ಗೋಡೆಗೆ ಲಂಬವಾದ ಗೆರೆಯಿಂದ ಅಳೆದಾಗ, ಇದನ್ನು ಮೀರಿದರೆ ಬೆಳಕು ಪೂರ್ತಿ ವಾಪಸ್) ಸುಮಾರು 85 ಡಿಗ್ರಿ ಬರುತ್ತದೆ. ಅಂದರೆ ಬೆಳಕು ಗೋಡೆಯನ್ನು ಸವರಿಕೊಂಡು ಹೋದರೆ ಮಾತ್ರ ಒಳಗೆ ಉಳಿಯುತ್ತದೆ. ಪುಸ್ತಕದಲ್ಲಿ ಬಿಡಿಸಿರುವ ಕಡಿದಾದ ಅಂಕುಡೊಂಕು ಇಲ್ಲಿ ಸಾಧ್ಯವೇ ಇಲ್ಲ. ಗಾಳಿಯಿಂದ ಒಳಗೆ ಹೋಗುವ ಬೆಳಕು ಕೂಡ ಅಕ್ಷದಿಂದ 7 ಡಿಗ್ರಿ ಒಳಗೇ ಬರಬೇಕು.

ಇನ್ನೊಂದು ತೊಡಕಿದೆ. ಕೋರಿನ ಅಡ್ಡಳತೆ ಬರೀ 8 ಮೈಕ್ರಾನ್ ಚಿಲ್ಲರೆ, ಅದರೊಳಗೆ ಓಡುವ ಬೆಳಕಿನ ತರಂಗಾಂತರ 1.55 ಮೈಕ್ರಾನ್. ಓಣಿಯ ಅಗಲ ಐದಾರು ಅಲೆಗಳಷ್ಟೇ ಇರುವಾಗ ಕಿರಣ ಅನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ. ಅಲ್ಲಿ ಇರುವುದು ಮೋಡ್, ಅಂದರೆ ಆಕಾರ ಕೆಡದೆ ಉದ್ದಕ್ಕೂ ಸಾಗುವ ಅಲೆಯ ಒಂದು ವಿನ್ಯಾಸ. ಎಷ್ಟು ಮೋಡ್ ಹಿಡಿಸುತ್ತವೆ ಎಂದು ಹೇಳುವ ಸಂಖ್ಯೆಗೆ ವಿ ಸಂಖ್ಯೆ ಎನ್ನುತ್ತಾರೆ. ಕೋರಿನ ತ್ರಿಜ್ಯವನ್ನು 2π ಮತ್ತು ಫೈಬರ್ ಎಷ್ಟು ಓರೆಯಾದ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಹೇಳುವ ನ್ಯೂಮರಿಕಲ್ ಅಪರ್ಚರ್‌ನಿಂದ ಗುಣಿಸಿ, ತರಂಗಾಂತರದಿಂದ ಭಾಗಿಸಿದರೆ ಅದು ಸಿಗುತ್ತದೆ. ನಮ್ಮ ಫೈಬರಿನ ತ್ರಿಜ್ಯ 4.1 ಮೈಕ್ರಾನ್, ಅಪರ್ಚರ್ 0.12. ಆಗ 1.55 ಮೈಕ್ರಾನಿಗೆ ವಿ ಸಂಖ್ಯೆ 2 ಬರುತ್ತದೆ. 2.405ರ ಕೆಳಗಿದ್ದರೆ ಒಂದೇ ಮೋಡ್. ಸಿಂಗಲ್ ಮೋಡ್ ಎಂಬ ಹೆಸರು ಬಂದದ್ದು ಇಲ್ಲಿಂದ.

ಇದನ್ನು ಕಣ್ಣಾರೆ ನೋಡಬಹುದು. ಫೈಬರ್ ರಿಪೇರಿಗೆ ಬರುವವರ ಹತ್ತಿರ ಪೆನ್ನಿನಂಥ ಒಂದು ಕೆಂಪು ಲೇಸರ್ ಇರುತ್ತದೆ. ಎಲ್ಲಿ ಕಟ್ ಆಗಿದೆಯೋ ಅಲ್ಲಿ ಕೆಂಪಗೆ ಹೊಳೆಯುತ್ತದೆ. ಅದರ ಬೆಳಕು ಸುಮಾರು 0.65 ಮೈಕ್ರಾನ್. ಅದೇ ಫೈಬರಿಗೆ ಈಗ ವಿ ಸಂಖ್ಯೆ ಹಾಕಿ ನೋಡಿ: 4.7ರ ಮೇಲೆ ಹೋಗುತ್ತದೆ. ಅಂದರೆ ಹೆಸರಿಗೆ ಸಿಂಗಲ್ ಮೋಡ್ ಆದರೂ ಕೆಂಪು ಬೆಳಕಿಗೆ ಅದು ಹಲವು ಮೋಡಿನ ಫೈಬರ್. ತುದಿಯಿಂದ ಬರುವ ಬೆಳಕನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಫೈಬರನ್ನು ಸ್ವಲ್ಪ ಅಲುಗಾಡಿಸಿದರೆ ಗುಂಡಗಿನ ಚುಕ್ಕೆ ಎರಡು ಹೋಳಾಗಿ, ಕಲೆಕಲೆಯಾಗಿ ಬದಲಾಗುತ್ತದೆ. ಮೋಡ್‌ಗಳು ಒಂದರ ಮೇಲೊಂದು ಬೀಳುವ ಆಟ ಅದು. (ತುದಿಯನ್ನು ನೇರ ಕಣ್ಣಿಗೆ ಹಿಡಿಯಬೇಡಿ. ಇಂಟರ್ನೆಟ್ ತರುವ ಬೆಳಕು ಕಣ್ಣಿಗೆ ಕಾಣದ ಇನ್ಫ್ರಾರೆಡ್. ಕಾಣದು ಅಂದ ಮಾತ್ರಕ್ಕೆ ಇಲ್ಲ ಎಂದಲ್ಲ.)

ಮೋಡ್ ಪೂರ್ತಿ ಕೋರಿನೊಳಗೆ ಕೂರುವುದೂ ಇಲ್ಲ. ನಮ್ಮ ಲೆಕ್ಕದ ಫೈಬರಿನಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಬೆಳಕು ಕ್ಲ್ಯಾಡಿಂಗಿನಲ್ಲೇ ಸಾಗುತ್ತದೆ. ಹಾಗಾಗಿ "ಗೋಡೆಗೆ ಬಡಿದು ವಾಪಸ್" ಅನ್ನುವುದನ್ನು ತೀರಾ ನಂಬಬೇಡಿ.

ಬೆಳಕು ಎಷ್ಟು ದೂರ ಹೋಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕ್‌ಹ್ಯಾಮ್, ನಷ್ಟಕ್ಕೆ ಕಾರಣ ಗಾಜಿನಲ್ಲಿರುವ ಕಲ್ಮಶ, ಗಾಜಿನ ಸ್ವಭಾವ ಅಲ್ಲ ಎಂದು ತೋರಿಸಿದರು. ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟಕ್ಕೆ ಇಳಿಸಿದರೆ ಫೋನಿಗೆ ಸಾಕು ಎಂದರು. 20 ಡೆಸಿಬೆಲ್ ಅಂದರೆ ನೂರರಲ್ಲಿ ಒಂದು ಪಾಲು ಉಳಿಯುವುದು. ಅದನ್ನೇ ಗುರಿ ಅನ್ನಬೇಕಿತ್ತು ಅಂದರೆ ಆಗಿನ ಗಾಜು ಹೇಗಿತ್ತು ಊಹಿಸಿ! 1970ರಲ್ಲಿ ಕಾರ್ನಿಂಗ್ ಕಂಪನಿಯವರು ಆ ಗುರಿ ದಾಟಿದರು. 1979ರ ಹೊತ್ತಿಗೆ ಜಪಾನಿನಲ್ಲಿ 0.2 ಡೆಸಿಬೆಲ್‌ಗೆ ಇಳಿಯಿತು. ಅಂದರೆ 50 ಕಿಲೋಮೀಟರ್ ಓಡಿ 10 ಡೆಸಿಬೆಲ್ ಕಳೆದ ಮೇಲೂ ಹತ್ತರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಗಾಜು ಗಟ್ಟಿಯಾಗುವಾಗ ಅದರಲ್ಲಿ ಉಳಿಯುವ ಸಣ್ಣ ಏರುಪೇರುಗಳೇ ಬೆಳಕನ್ನು ಚದುರಿಸುತ್ತವೆ. ಇದು ರೇಲೀ ಚದುರುವಿಕೆ. ಈ ಮಾತು ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈಗ ಫೋಟಾನಿಕ್ ಸ್ಫಟಿಕ. ಇಲ್ಲಿ ಒಂದು ಗೋಡೆ ಪೂರ್ತಿ ಕೆಲಸ ಮಾಡುವುದಿಲ್ಲ. ನೂರು ಗೋಡೆ ಸ್ವಲ್ಪ ಸ್ವಲ್ಪ ಮಾಡುತ್ತವೆ.

ತೀರಾ ಸರಳ ಉದಾಹರಣೆ, ಪದರಗಳ ಕನ್ನಡಿ. ಸಿಲಿಕಾ (1.45) ಮತ್ತು ಟೈಟಾನಿಯಂ ಡೈಆಕ್ಸೈಡ್ (ಸುಮಾರು 2.4), ಒಂದಾದ ಮೇಲೊಂದು. 550 ನ್ಯಾನೋಮೀಟರಿನ ಹಸಿರು ಬೆಳಕಿಗೆ ಪ್ರತಿ ಪದರ ಕಾಲು ತರಂಗದಷ್ಟು ದಪ್ಪ ಇರಬೇಕು. ಲೆಕ್ಕ ಹಾಕಿದರೆ ಸಿಲಿಕಾ 95 ನ್ಯಾನೋಮೀಟರ್, ಇನ್ನೊಂದು 57. ಒಂದು ಗಡಿಯಿಂದ ವಾಪಸ್ ಬರುವುದು ಬರೀ ಶೇ. 6ರಷ್ಟು ಬೆಳಕು. ಅಷ್ಟರಿಂದ ಏನಾಗುತ್ತದೆ ಅನಿಸಬಹುದು.

ಆದರೆ ಹಂತ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನುವುದು) ಲೆಕ್ಕ ಹಾಕಿ. ಕಡಿಮೆ ಸೂಚ್ಯಂಕದಿಂದ ಹೆಚ್ಚಿನದಕ್ಕೆ ಹೋಗುವ ಗಡಿಯಲ್ಲಿ ಪ್ರತಿಫಲಿಸಿದ ಅಲೆ ತಲೆಕೆಳಗಾಗುತ್ತದೆ, ಅಂದರೆ ಅರ್ಧ ತರಂಗದ ವ್ಯತ್ಯಾಸ. ಹೆಚ್ಚಿನದರಿಂದ ಕಡಿಮೆಗೆ ಹೋಗುವ ಗಡಿಯಲ್ಲಿ ತಲೆಕೆಳಗಾಗುವುದಿಲ್ಲ, ಆದರೆ ಪದರದೊಳಗೆ ಹೋಗಿ ಬಂದದ್ದಕ್ಕೆ ಕಾಲು ಮತ್ತು ಕಾಲು ಸೇರಿ ಅರ್ಧ ತರಂಗ ಆಗಿರುತ್ತದೆ. ಮೂರನೇ ಗಡಿಯಲ್ಲಿ ಮತ್ತೆ ತಲೆಕೆಳಗು, ಜೊತೆಗೆ ಎರಡು ಪದರದ ಓಡಾಟಕ್ಕೆ ಒಂದು ಪೂರ್ತಿ ತರಂಗ. ಎಲ್ಲವೂ ಒಂದೇ ಹಂತಕ್ಕೆ ಬಂದು ನಿಂತವು! ಜಾತ್ರೆಯಲ್ಲಿ ಒಬ್ಬೊಬ್ಬರು ತಮಗೆ ತೋಚಿದಾಗ ಎಳೆದರೆ ತೇರು ಜರುಗದು, ಎಲ್ಲರೂ ಒಂದೇ ಉಸಿರಿಗೆ ಎಳೆದಾಗ ಗಾಲಿ ಉರುಳುತ್ತದೆ. ಇಲ್ಲೂ ಹಾಗೇ. ಎಂಟು ಜೋಡಿ ಪದರ ಇದ್ದರೆ ಶೇ. 99ಕ್ಕಿಂತ ಜಾಸ್ತಿ ಬೆಳಕು ವಾಪಸ್. ಒಳಗೆ ನುಗ್ಗಿದ್ದು ಪ್ರತಿ ಜೋಡಿ ದಾಟುವಾಗಲೂ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತ ಹೋಗುತ್ತದೆ. ಪದರಗಳು ಅದನ್ನು ಹೀರಿಕೊಂಡಿಲ್ಲ, ಮುಂದೆ ಹೋಗಲು ಬಿಟ್ಟಿಲ್ಲ ಅಷ್ಟೆ.

ಈ ಕನ್ನಡಿ ಸುಮಾರು 475ರಿಂದ 650 ನ್ಯಾನೋಮೀಟರ್ ವರೆಗೆ ಹೀಗೆ ತಡೆಯುತ್ತದೆ. ಅದರಾಚೆಗಿನ ಬೆಳಕು ಹೆಚ್ಚಾಗಿ ದಾಟಿಹೋಗುತ್ತದೆ. ಹೀಗೆ ತಡೆಯುವ ಪಟ್ಟಿಯೇ ಬ್ಯಾಂಡ್ ಗ್ಯಾಪ್. ಇದೇ ಕೆಲಸವನ್ನು ಮೂರು ದಿಕ್ಕಿನಲ್ಲೂ ಮಾಡಬಹುದು ಎಂದು 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಬೇರೆಬೇರೆಯಾಗಿ ಬರೆದರು.

ಓಪಲ್ ಕಲ್ಲು ಸುಮಾರಾಗಿ ಇಂಥದ್ದೇ. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ಎ. ಜಯರಾಮನ್ 1953ರಲ್ಲೇ ಅದರ ಬಣ್ಣದ ಬೆನ್ನು ಹತ್ತಿದ್ದರು. ಅದರೊಳಗೆ ಒಪ್ಪವಾಗಿ ಪೇರಿಸಿದ ಸಿಲಿಕಾ ಗೋಲಿಗಳಿವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಆಸ್ಟ್ರೇಲಿಯಾದಲ್ಲಿ, 1964ರ ಹೊತ್ತಿಗೆ. ನವಿಲುಗರಿಯಲ್ಲೂ ನೀಲಿ ಬಣ್ಣದ ಪದಾರ್ಥ ಇಲ್ಲ. ಮೆಲನಿನ್ ಎಂಬ ಕಪ್ಪು ಪದಾರ್ಥದ ಕಡ್ಡಿಗಳ ಜಾಲರಿ ಇದೆ. ಕಡ್ಡಿಗಳ ನಡುವಿನ ಅಂತರ ಸುಮಾರು 140 ನ್ಯಾನೋಮೀಟರ್ ಇದ್ದರೆ ನೀಲಿ, 150 ಆದರೆ ಹಸಿರು. ಆದರೆ ಓಪಲ್ಲಿಗೆ ಪೂರ್ತಿ ಬ್ಯಾಂಡ್ ಗ್ಯಾಪ್ ಇಲ್ಲ. ಕೆಲವು ದಿಕ್ಕಿನಲ್ಲಿ ಮಾತ್ರ ತಡೆ. ಕಲ್ಲು ತಿರುಗಿಸಿದರೆ ಬಣ್ಣ ಬದಲಾಗುವುದು ಅದಕ್ಕೇ.

ಇನ್ನು ಫೈಬರ್, ಫೋಟಾನಿಕ್ ಸ್ಫಟಿಕ ಎರಡನ್ನೂ ಸೇರಿಸಿ. ಫಿಲಿಪ್ ರಸೆಲ್ 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಉದ್ದಕ್ಕೂ ಸಣ್ಣ ತೂತುಗಳಿರುವ ಗಾಜಿನ ಫೈಬರ್ ಮಾಡಿಸಿದರು. ಗಾಜಿನ ಕೊಳವೆಗಳನ್ನು ಕಟ್ಟಾಗಿ ಜೋಡಿಸಿ, ಕಾಯಿಸಿ, ಕೂದಲೆಳೆಯಷ್ಟಕ್ಕೆ ಎಳೆದರೆ ಆಯಿತು. ಹೇಳಲು ಸುಲಭ!

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. 1996ರ ಮೊದಲ ಫೈಬರಿನ ನಡುವೆ ತೂತು ಇರಲಿಲ್ಲ, ಗಟ್ಟಿ ಗಾಜೇ ಇತ್ತು. ಅದಕ್ಕೆ ಬ್ಯಾಂಡ್ ಗ್ಯಾಪ್ ಬೇಕಾಗಿಯೇ ಇಲ್ಲ. ತೂತುಗಳಿಂದ ಸುತ್ತಲಿನ ಸರಾಸರಿ ಸೂಚ್ಯಂಕ ಇಳಿದು, ಹಳೆಯ ನಿಯಮವೇ ನಡೆಯುತ್ತದೆ. ಹೆಸರಲ್ಲಿ ಫೋಟಾನಿಕ್ ಸ್ಫಟಿಕ ಇದೆ ಎಂದು ಮೋಸ ಹೋಗಬೇಡಿ. ಅದರ ಸ್ವಾರಸ್ಯ ಬೇರೆ. ತರಂಗಾಂತರ ಕಡಿಮೆಯಾದಂತೆ ಬೆಳಕು ತೂತುಗಳನ್ನು ತಪ್ಪಿಸಿ ಗಾಜಿನಲ್ಲೇ ಸಾಗುತ್ತದೆ. ಹಾಗಾಗಿ ಸುತ್ತಲಿನ ಸೂಚ್ಯಂಕ ಕೋರಿನ ಹತ್ತಿರಕ್ಕೆ ಏರುತ್ತದೆ, ವಿ ಸಂಖ್ಯೆ ಹೆಚ್ಚದೆ ನಿಲ್ಲುತ್ತದೆ. ತೂತುಗಳು ಸಣ್ಣವಿದ್ದರೆ ಯಾವ ಬಣ್ಣಕ್ಕೂ ಒಂದೇ ಮೋಡ್. ನಮ್ಮ ಕೆಂಪು ಪೆನ್ನಿನ ಎರಡು ಹೋಳು ಅಲ್ಲಿ ಕಾಣುವುದಿಲ್ಲ.

ನಡುವೆ ಗಾಳಿ ಇರುವ ಫೈಬರ್ ಬಂದದ್ದು 1999ರಲ್ಲಿ. ಇಲ್ಲಿ ನಿಜವಾಗಿ ಬ್ಯಾಂಡ್ ಗ್ಯಾಪ್ ಬೇಕು. ಬರೀ 1.45 ಸೂಚ್ಯಂಕದ ಗಾಜಿಗೆ ಅಷ್ಟು ಬಲ ಎಲ್ಲಿಂದ? ಬೆಳಕು ಜಾಲರಿಗೆ ಅಡ್ಡಲಾಗಿ ಹೋದರೆ ಪೂರ್ತಿ ತಡೆ ಸಿಗುವುದಿಲ್ಲ, ಅದು ಸರಿ. ಆದರೆ ಫೈಬರಿನಲ್ಲಿ ಬೆಳಕು ಉದ್ದಕ್ಕೆ ಓಡುತ್ತದೆ, ಗೋಡೆಗಳನ್ನು ಸವರುತ್ತ. ಸವರುವ ಕೋನದಲ್ಲಿ ಒಂದೊಂದು ಗೋಡೆಯೂ ಜಾಸ್ತಿ ಪ್ರತಿಫಲಿಸುತ್ತದೆ. ಅಷ್ಟು ಸಾಕಾಗುತ್ತದೆ.

ಗಾಳಿಯಲ್ಲಿ ಓಡಿದರೆ ಎರಡು ಲಾಭ. ಒಂದು ವೇಗ: ಗಾಜಿನಲ್ಲಿ ಕಿಲೋಮೀಟರಿಗೆ ಸುಮಾರು 4.9 ಮೈಕ್ರೋಸೆಕೆಂಡ್, ಗಾಳಿಯಲ್ಲಿ 3.3. ಇನ್ನೊಂದು, ಗಾಜಿನ ರೇಲೀ ಚದುರುವಿಕೆ ಬಹುಪಾಲು ತಪ್ಪುತ್ತದೆ. ಆದರೂ ಬ್ಯಾಂಡ್ ಗ್ಯಾಪ್ ಫೈಬರ್‌ಗಳು ನಷ್ಟದಲ್ಲಿ ಮಾಮೂಲಿ ಫೈಬರನ್ನು ಸೋಲಿಸಲಿಲ್ಲ. ಗಾಜಿನ ಒಳಮೈಯ ಒರಟುತನ ಅಡ್ಡ ಬಂತು. 2025ರಲ್ಲಿ ಸೌತಾಂಪ್ಟನ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು ಕಿಲೋಮೀಟರಿಗೆ 0.091 ಡೆಸಿಬೆಲ್ ಎಂದು ಪ್ರಕಟಿಸಿದ ಟೊಳ್ಳು ಫೈಬರಿನಲ್ಲಿ ಜಾಲರಿಯೇ ಇಲ್ಲ. ಒಂದರೊಳಗೊಂದು ಕೂರಿಸಿದ ಕೆಲವೇ ತೆಳು ಕೊಳವೆಗಳಿವೆ. ಅವುಗಳ ಗೋಡೆಯ ದಪ್ಪವನ್ನು ಆ ತರಂಗಾಂತರಕ್ಕೆ ಅನುರಣನ (ಬೆಳಕು ಗೋಡೆಯೊಳಗೇ ಸಿಕ್ಕಿ ಜೋರಾಗುವುದು) ಆಗದ ಹಾಗೆ ಆರಿಸಿರುತ್ತಾರೆ, ಹಾಗಾಗಿ ಬೆಳಕು ನಡುವಿನ ಗಾಳಿಗೇ ಮರಳುತ್ತದೆ. ವೈವಾದಲ್ಲಿ "ಟೊಳ್ಳು ಫೈಬರ್ ಹೇಗೆ ಕೆಲಸ ಮಾಡುತ್ತದೆ" ಎಂದು ಕೇಳಿದರೆ, ಜಾಲರಿಯದೋ ಕೊಳವೆಯದೋ ಎಂದು ಮೊದಲು ವಾಪಸ್ ಕೇಳಿ.